ದೀಪ ಹತ್ತದ ಕಿಟಕಿಗಳು: ದುಡ್ಡು ಕೊಟ್ಟು ಜನರನ್ನು ಕರೆದ ಒಂದು ಸ್ವಿಸ್ ಹಳ್ಳಿಯ ಪ್ರಕರಣ

2017ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ವಾಲಿಸ್ ಕ್ಯಾಂಟನ್‌ನ (ರಾಜ್ಯದ) ಒಂದು ಬೆಟ್ಟದೂರಿನಲ್ಲಿ ಗ್ರಾಮಸಭೆ ಸೇರಿತು. ಊರಿನ ಒಟ್ಟು ಜನಸಂಖ್ಯೆ ಸುಮಾರು 240. ಸಭೆಯ ಮುಂದಿದ್ದ ಪ್ರಸ್ತಾಪ ಸರಳವಾಗಿತ್ತು. ಊರಿಗೆ ಬಂದು ಮನೆ ಮಾಡಿಕೊಂಡು ನೆಲೆಸುವವರಿಗೆ ಪಂಚಾಯಿತಿ ತನ್ನ ಬೊಕ್ಕಸದಿಂದ ವಯಸ್ಕರಿಗೆ ತಲಾ 25,000 ಫ್ರಾಂಕ್, ಮಗುವಿಗೆ ತಲಾ 10,000 ಫ್ರಾಂಕ್ ಕೊಡಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ 70,000 ಫ್ರಾಂಕ್. 71 ಮಂದಿ ಪರ, 29 ಮಂದಿ ವಿರುದ್ಧ ಮತ ಹಾಕಿದರು, ಪ್ರಸ್ತಾಪ ಪಾಸಾಯಿತು.

ಊರಿನ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ. ಆ ವರ್ಷದ ಸುದ್ದಿ ನೆನಪಿರುವವರು ಊಹಿಸಿಬಿಡಬಹುದು, ಅದನ್ನು ತಡೆಯಲಾಗದು. ಆದರೆ ಅಲ್ಲಿನ ಯಾವ ಕುಟುಂಬದ, ಯಾವ ಅರ್ಜಿದಾರರ ಗುರುತೂ ಇಲ್ಲಿಲ್ಲ. ಲೆಕ್ಕ ಮಾಡಿ ತೋರಿಸಿದ ಕಡೆ ಅದು ಉದಾಹರಣೆಯ ಲೆಕ್ಕ, ಯಾರ ಮನೆಯದ್ದೂ ಅಲ್ಲ. ಈ ಪ್ರಕರಣವನ್ನು ಎಲ್ಲರೂ 'ದುಡ್ಡು ಕೊಟ್ಟರೆ ಜನ ಬರುತ್ತಾರಾ' ಎಂಬ ಪ್ರಶ್ನೆಯಾಗಿ ಓದಿದರು. ಕಲಿಯಬೇಕಾದದ್ದು ಇರುವುದು ಆ ದುಡ್ಡಿಗೆ ಕಟ್ಟಿದ ಷರತ್ತುಗಳಲ್ಲಿ.

ನೆಲ ಮತ್ತು ಪಾಲು

ವಾಲಿಸ್ ಎಂದರೆ ರೋನ್ ನದಿಯ ಉದ್ದನೆಯ ಕಣಿವೆ. ಎರಡೂ ಬದಿಗೆ ಆಲ್ಪ್ಸ್ ಗೋಡೆಯಂತೆ ನಿಂತು ಮೋಡಗಳನ್ನು ತಡೆಯುವುದರಿಂದ ಸ್ವಿಟ್ಜರ್ಲೆಂಡಿನ ಅತ್ಯಂತ ಒಣ ಪ್ರದೇಶ ಇದೇ. ಕಣಿವೆಯ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಾತ್ರ ಮಳೆ. ಸ್ವಿಟ್ಜರ್ಲೆಂಡ್ ಎಂದೊಡನೆ ಕಣ್ಣಿಗೆ ಬರುವ ಹಸಿರು ಇಲ್ಲಿ ತಾನಾಗಿ ಬೆಳೆದದ್ದಲ್ಲ. ಹಿಮನದಿಗಳ ಬುಡದಿಂದ, ತೊರೆಗಳಿಂದ ಬಂಡೆಯ ಪಕ್ಕೆಗೆ ಮರದ ತೊಟ್ಟಿ ಕಟ್ಟಿ, ಮೈಲುಗಟ್ಟಲೆ ಕಾಲುವೆ ತೋಡಿ ಹುಲ್ಲುಗಾವಲಿಗೆ ನೀರು ತಂದರು. ಈ ಕಾಲುವೆಗೆ ಅಲ್ಲಿನ ಜರ್ಮನ್ ಆಡುಮಾತಿನಲ್ಲಿ 'ಸುವೊನೆ' ಎನ್ನುತ್ತಾರೆ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಪಾಳಿ, ಪಾಳಿಯ ಗುರುತಿಗೆ ಕಚ್ಚು ಹಾಕಿದ ಮರದ ತುಂಡು, ಕಾಲುವೆ ದುರಸ್ತಿಗೆ ಮನೆಗೊಂದಾಳು. ಮನೆಗೊಂದಾಳಿನ ಈ ಕೆಲಸ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಹಳೆಯ ಬದುಕು ಮೆಟ್ಟಿಲು ಮೆಟ್ಟಿಲಾಗಿತ್ತು. ಕಣಿವೆಯ ತಳದಲ್ಲಿ ದ್ರಾಕ್ಷಿ, ಊರಿನ ಸುತ್ತ ರೈ ಧಾನ್ಯ ಮತ್ತು ಒಣಹುಲ್ಲು, ಅದಕ್ಕೂ ಮೇಲೆ 'ಮೈಯೆನ್‌ಸೆಸ್' ಎಂಬ ವಸಂತದ ಬಿಡಾರ, ಎಲ್ಲಕ್ಕೂ ಮೇಲೆ ಬೇಸಿಗೆಯ ಹುಲ್ಲುಗಾವಲು. ಕುಟುಂಬ ಮತ್ತು ದನ ಋತುವಿಗೆ ತಕ್ಕಂತೆ ಹತ್ತುತ್ತ ಇಳಿಯುತ್ತ ಇದ್ದವು. ಧಾನ್ಯದ ಉಗ್ರಾಣಗಳನ್ನು ಕಂಬದ ಮೇಲೆ ನಿಲ್ಲಿಸಿ, ಇಲಿ ಹತ್ತದಂತೆ ಕಂಬದ ತಲೆಗೆ ಅಗಲವಾದ ದುಂಡು ಕಲ್ಲು ಹೊದಿಸುತ್ತಿದ್ದರು. ಊರೊಟ್ಟಿನ ಒಲೆಯಲ್ಲಿ ವರ್ಷಕ್ಕೆ ಕೆಲವೇ ಸಲ ರೊಟ್ಟಿ ಸುಟ್ಟು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು.

ಈ ಪ್ರಕರಣಕ್ಕೆ ನೇರವಾಗಿ ತಾಗುವುದು ಆಸ್ತಿ ಹಂಚಿಕೆಯ ಪದ್ಧತಿ. ಸ್ವಿಟ್ಜರ್ಲೆಂಡಿನ ಬೇರೆ ಹಲವು ಭಾಗಗಳಲ್ಲಿ ಜಮೀನು ಇಡಿಯಾಗಿ ಒಬ್ಬ ಮಗನಿಗೆ ಹೋಗುತ್ತಿತ್ತು. ವಾಲಿಸಿನಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಪಾಲು. ಹೊಲ ಹರಿದು ಪಟ್ಟೆಯಾಯಿತು, ಪಟ್ಟೆ ಹರಿದು ಚಿಂದಿಯಾಯಿತು. ಮನೆಯನ್ನೂ ಪಾಲು ಮಾಡಿದರು: ಕೆಳಮಹಡಿ ಅಣ್ಣನಿಗೆ, ಮೇಲ್ಮಹಡಿ ತಂಗಿಗೆ, ನೆಲಮಾಳಿಗೆಯ ಅರ್ಧ ಇನ್ನೊಬ್ಬನಿಗೆ. ಒಂದು ಉಗ್ರಾಣದ ಎಂಟನೇ ಒಂದು ಪಾಲು ಒಬ್ಬರ ಹೆಸರಿನಲ್ಲಿರುವುದು ಅಲ್ಲಿ ವಿಶೇಷವೇನಲ್ಲ. ನಮ್ಮಲ್ಲಿ ಪಹಣಿಯ ಒಂದೇ ಸರ್ವೆ ನಂಬರಿನಲ್ಲಿ ಹತ್ತು ಹೆಸರು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಸ್ವಿಸ್ ಕಾನೂನಿನಲ್ಲಿ ಹಂಚಿಕೆಯಾಗದ ಪಿತ್ರಾರ್ಜಿತವನ್ನು ಮಾರಲು ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಬಹುಮತ ಸಾಲದು. ಅಜ್ಜನಿಗೆ ನಾಲ್ವರು ಮಕ್ಕಳು, ಅವರಿಗೆ ಮೂವರು ಮೂವರು ಎಂದರೆ ಹನ್ನೆರಡು ಸಹಿ. ಅದರಲ್ಲಿ ಒಬ್ಬರು ಜಿನೀವಾದಲ್ಲಿ, ಒಬ್ಬರು ಕೆನಡಾದಲ್ಲಿ, ಒಬ್ಬರು ಯಾರ ಜೊತೆಗೂ ಮಾತಾಡದವರು. ಹೀಗಾಗಿ ಊರಿನ ನಡುವೆ ಖಾಲಿ ಮನೆಗಳು ಕಾಣುತ್ತವೆ, ಕೊಳ್ಳಲು ಹೋದರೆ ಒಂದೂ ಸಿಗುವುದಿಲ್ಲ.

ಊರು ಖಾಲಿಯಾದ ಬಗೆ

20ನೇ ಶತಮಾನದ ಆರಂಭದಲ್ಲಿ ಜಲವಿದ್ಯುತ್ತಿನ ಬೆನ್ನು ಹತ್ತಿ ಕಣಿವೆಗೆ ಕಾರ್ಖಾನೆಗಳು ಬಂದವು. ಶಿಪ್ಪಿಸ್‌ನಲ್ಲಿ ಅಲ್ಯುಮಿನಿಯಂ, ಫಿಸ್ಪ್‌ನಲ್ಲಿ ಲೋನ್ಜಾ ಕಂಪನಿಯ ರಾಸಾಯನಿಕ ಘಟಕ. ಗಂಡಸರು ಪಾಳಿ ಮುಗಿಸಿ ಬೆಟ್ಟ ಹತ್ತಿ ಬಂದು ಹುಲ್ಲು ಕೊಯ್ಯುತ್ತಿದ್ದರು. ಇವರಿಗೆ 'ಕಾರ್ಮಿಕ ರೈತ' ಎಂಬ ಹೆಸರೇ ಬಿತ್ತು. ದೇಶದ ಬೇರೆ ಬೆಟ್ಟಗಳಿಂದ ಜನ ಪೂರ್ತಿ ಇಳಿದು ಹೋಗುತ್ತಿದ್ದಾಗ ವಾಲಿಸಿನ ಹಳ್ಳಿಗಳು ದಶಕಗಳ ಕಾಲ ತುಂಬಿಕೊಂಡೇ ಇದ್ದದ್ದು ಇವರಿಂದ. ಹೊಲದ ಆದಾಯ ಸಾಲದಿದ್ದರೂ ಸಂಬಳ ಇತ್ತು, ಸಂಬಳ ಸಾಲದಿದ್ದರೆ ದನ ಇತ್ತು.

ಆಮೇಲೆ ರಸ್ತೆ ಬಂತು, ಕಾರು ಬಂತು. ರಸ್ತೆ ಬಂದರೆ ಊರು ಉಳಿಯುತ್ತದೆ ಎಂದುಕೊಂಡಿದ್ದರು. ಅದೇ ರಸ್ತೆಯಲ್ಲಿ ಪ್ರವಾಸಿಗಳು ಮೇಲೆ ಬಂದರು, ಮಕ್ಕಳು ಕೆಳಗೆ ಹೋದರು. 1960ರ ದಶಕದಿಂದ ಆಲ್ಪ್ಸ್‌ನಲ್ಲಿ ರಜಾಮನೆಗಳ ಕಾಲ. ಹುಲ್ಲು ಬೆಳೆಯುತ್ತಿದ್ದ ಜಾಗಕ್ಕೆ ಮನೆಯ ಸೈಟಿನ ಬೆಲೆ ಬಂದಾಗ ಮಾರಿದವರನ್ನು ದೂರುವುದು ಸುಲಭ. ಆದರೆ ಇಳಿಜಾರಿನ ಅರ್ಧ ಎಕರೆ ಹುಲ್ಲಿನಿಂದ ಒಂದು ದನವೂ ಸಾಕಲಾಗದು ಎಂಬುದನ್ನೂ ಜೊತೆಗೇ ಹೇಳಬೇಕು.

ಇಂಥ ಮನೆಗಳಿಗೆ ಸ್ವಿಸ್ ಜನ 'ತಣ್ಣನೆಯ ಹಾಸಿಗೆ' ಎನ್ನುತ್ತಾರೆ. ವರ್ಷಕ್ಕೆ ಮೂರು ನಾಲ್ಕು ವಾರ ಬೆಚ್ಚಗಾಗುತ್ತವೆ, ಉಳಿದ ದಿನ ಕಿಟಕಿಗೆ ಹಲಗೆ. ಆ ಮನೆಗೂ ನೀರಿನ ಪೈಪು ಬೇಕು, ಚರಂಡಿ ಬೇಕು, ಹಿಮ ತೆಗೆದ ರಸ್ತೆ ಬೇಕು, ಅದೂ ಕ್ರಿಸ್‌ಮಸ್ ವಾರದ ಗರಿಷ್ಠ ಬಳಕೆಗೆ ತಕ್ಕ ಗಾತ್ರದಲ್ಲಿ. ಆದರೆ ಆ ಮನೆಯವರ ಆದಾಯ ತೆರಿಗೆಯ ಬಹುಪಾಲು ಅವರ ಖಾಯಂ ಊರಿನ ಪಂಚಾಯಿತಿಗೆ ಹೋಗುತ್ತದೆ. ಅವರ ಮಕ್ಕಳು ಅಲ್ಲಿನ ಶಾಲೆಯಲ್ಲಿರುತ್ತಾರೆ.

ಈ ಊರಿನಲ್ಲಿ ಎಲ್ಲರನ್ನೂ ಎಚ್ಚರಿಸಿದ್ದು ಶಾಲೆ. ಕೆಲವೇ ವರ್ಷಗಳ ಅಂತರದಲ್ಲಿ ಮಕ್ಕಳಿದ್ದ ಕುಟುಂಬಗಳು ಊರು ಬಿಟ್ಟವು, ಶಾಲೆ ಮುಚ್ಚಿತು. ಉಳಿದ ಬೆರಳೆಣಿಕೆಯ ಮಕ್ಕಳು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗತೊಡಗಿದರು. ಸಣ್ಣ ಊರಿನಲ್ಲಿ ಒಂದು ಕುಟುಂಬ ಹೋಯಿತೆಂದರೆ ಬರೀ ನಾಲ್ಕು ಜನ ಹೋದರು ಎಂದಲ್ಲ. ಅವರ ಇಬ್ಬರು ಮಕ್ಕಳು ಹೋದರೆ ತರಗತಿಗೆ ಬೇಕಾದ ಕನಿಷ್ಠ ಸಂಖ್ಯೆ ತಪ್ಪುತ್ತದೆ, ತರಗತಿ ಹೋದರೆ ಮುಂದಿನ ಕುಟುಂಬ ಬರುವುದೇ ಇಲ್ಲ.

ಸ್ವಿಸ್ ಪಂಚಾಯಿತಿಯ ಕೈ ಎಷ್ಟು ಉದ್ದ

ಮುಂದಿನದು ಅರ್ಥವಾಗಬೇಕಾದರೆ ಅಲ್ಲಿನ ಪಂಚಾಯಿತಿ ಏನೆಂದು ಗೊತ್ತಿರಬೇಕು. ಸ್ವಿಸ್ ಸಂವಿಧಾನದ 50ನೇ ವಿಧಿ ಪಂಚಾಯಿತಿಯ ಸ್ವಾಯತ್ತತೆಗೆ, ಆಯಾ ಕ್ಯಾಂಟನ್‌ನ ಕಾನೂನಿನ ಮಿತಿಯೊಳಗೆ, ಖಾತರಿ ಕೊಡುತ್ತದೆ. ಜನ ಮೂರು ಕಡೆ ಆದಾಯ ತೆರಿಗೆ ಕಟ್ಟುತ್ತಾರೆ: ಒಕ್ಕೂಟಕ್ಕೆ (ಕೇಂದ್ರ ಸರ್ಕಾರಕ್ಕೆ), ಕ್ಯಾಂಟನ್‌ಗೆ, ಪಂಚಾಯಿತಿಗೆ. ವಾಲಿಸಿನ ಜರ್ಮನ್ ಭಾಗದಲ್ಲಿ ಗ್ರಾಮಸಭೆಗೆ 'ಉರ್‌ಫೆರ್ಸಾಮ್‌ಲುಂಗ್' ಎಂದು ಹೆಸರು. ಮತದಾರರೆಲ್ಲ ಅದರ ಸದಸ್ಯರು, ಬಜೆಟ್ಟು ಅದರ ಮುಂದೆ ಬರುತ್ತದೆ. ಅಧ್ಯಕ್ಷರು, ಸದಸ್ಯರು ಬೇರೆ ಕೆಲಸ ಮಾಡಿಕೊಂಡೇ ಸಂಜೆ ಊರಿನ ಕೆಲಸ ನೋಡುತ್ತಾರೆ. ಇದರ ಪಕ್ಕದಲ್ಲೇ ಮೂಲನಿವಾಸಿ ಮನೆತನಗಳ ಇನ್ನೊಂದು ಸಂಸ್ಥೆ, 'ಬುರ್ಗರ್‌ಗೆಮೈಂಡೆ'. ಕಾಡು ಮತ್ತು ಮೇಲಿನ ಹುಲ್ಲುಗಾವಲು ಬಹುಪಾಲು ಅದರ ಕೈಯಲ್ಲಿ.

ಇಂಥ ಊರುಗಳಿಗೆ ಸಾಮಾನ್ಯವಾಗಿ ಸೂಚಿಸುವ ಮದ್ದು ವಿಲೀನ. 1990ರಲ್ಲಿ ದೇಶದಲ್ಲಿ 3,000ಕ್ಕೂ ಹೆಚ್ಚು ಪಂಚಾಯಿತಿಗಳಿದ್ದವು, 2024ರ ಜನವರಿಗೆ 2,131 ಉಳಿದಿದ್ದವು. ಗ್ಲಾರುಸ್ ಕ್ಯಾಂಟನ್ 2006ರಲ್ಲಿ ಬಯಲು ಮಹಾಸಭೆಯಲ್ಲೇ ಕೈ ಎತ್ತಿ ತನ್ನ 25 ಪಂಚಾಯಿತಿಗಳನ್ನು 3ಕ್ಕೆ ಇಳಿಸುವ ತೀರ್ಮಾನ ಮಾಡಿ, 2011ರಲ್ಲಿ ಜಾರಿಗೆ ತಂದಿತು. ಟಿಚಿನೋ ಕ್ಯಾಂಟನ್‌ನ ಕೊರಿಪ್ಪೊ ಹತ್ತು ಹದಿನೈದು ಜನರ ಊರಾಗಿ ಉಳಿದು, 2020ರಲ್ಲಿ ವೆರ್ಜಾಸ್ಕಾ ಎಂಬ ಹೊಸ ಪಂಚಾಯಿತಿಯಲ್ಲಿ ಕರಗಿತು. ಅಲ್ಲಿನ ಹಳೆಯ ಕಲ್ಲುಮನೆಗಳಲ್ಲಿ ಕೆಲವು ಈಗ ಊರಿನುದ್ದಕ್ಕೂ ಹರಡಿದ ಹೋಟೆಲಿನ ಕೋಣೆಗಳು. ವಿಲೀನದಿಂದ ಕಚೇರಿಯ ಖರ್ಚು ಉಳಿಯುತ್ತದೆ, ಆದರೆ ಮಗು ಹುಟ್ಟುವುದಿಲ್ಲ.

ಆ ಊರಿನ ಯುವಜನ ಸಹಿ ಸಂಗ್ರಹಿಸಿ ಬೇರೆಯದನ್ನು ಕೇಳಿದರು: ಮನೆ ಕಟ್ಟುವ, ಕೊಳ್ಳುವ, ಹಳೆಯದನ್ನು ದುರಸ್ತಿ ಮಾಡುವ ಕುಟುಂಬಗಳಿಗೆ ಪಂಚಾಯಿತಿಯಿಂದ ನಗದು. ಬೇಡಿಕೆ ಹೊರಗಿನವರದ್ದಾಗಿರಲಿಲ್ಲ, ಅಧ್ಯಕ್ಷರ ಕನಸೂ ಆಗಿರಲಿಲ್ಲ. ಊರಲ್ಲೇ ಉಳಿಯುವುದೋ ಇಳಿದು ಹೋಗುವುದೋ ಎಂಬ ಹೊಸ್ತಿಲ ಮೇಲೆ ನಿಂತವರ ಬೇಡಿಕೆ ಅದು.

ಷರತ್ತುಗಳೇ ಯೋಜನೆ

ನಿಯಮಾವಳಿಯ ತಿರುಳು ಹೀಗಿತ್ತು: ಅರ್ಜಿದಾರರ ವಯಸ್ಸು 45ಕ್ಕಿಂತ ಕಡಿಮೆ ಇರಬೇಕು. ಮನೆಯ ಮೇಲೆ ಕನಿಷ್ಠ 2,00,000 ಫ್ರಾಂಕ್ ಹೂಡಬೇಕು. ಅದು ಖಾಯಂ ವಾಸದ ಮನೆಯಾಗಿರಬೇಕು. ಹತ್ತು ವರ್ಷ ಊರಲ್ಲಿರಬೇಕು, ಮೊದಲೇ ಹೋದರೆ ಹಣ ವಾಪಸ್ ಕೊಡಬೇಕು. ಸ್ವಿಸ್ ಪೌರರಾಗಿರಬೇಕು, ಇಲ್ಲವೇ 'ಸಿ' ಪರ್ಮಿಟ್ ಎಂಬ ಖಾಯಂ ನೆಲೆಸುವ ಪರವಾನಗಿ ಇರಬೇಕು.

ಒಂದೊಂದೂ ಒಂದೊಂದು ಬಾಗಿಲನ್ನು ಮುಚ್ಚುತ್ತದೆ. 45ರ ಗಡಿ ಬರೀ ಮಕ್ಕಳಿಗಾಗಿ ಅಲ್ಲ. ಸಣ್ಣ ಪಂಚಾಯಿತಿಯ ಅರ್ಧ ಕೆಲಸ ನಡೆಯುವುದು ಸಂಬಳವಿಲ್ಲದ ಕೈಗಳಿಂದ. ಅಗ್ನಿಶಾಮಕ ಪಡೆಯಲ್ಲಿ ಊರಿನವರೇ ಇರುತ್ತಾರೆ. ಕಾಲುವೆಯ ದುರಸ್ತಿಗೆ, ಹುಲ್ಲುಗಾವಲಿನ ಕಲ್ಲು ಆರಿಸಲು ಇನ್ನೂ ಸಾಮೂಹಿಕ ದುಡಿಮೆಯ ದಿನಗಳುಂಟು. ಪಂಚಾಯಿತಿ ಸದಸ್ಯತ್ವಕ್ಕೆ ಜನ ಬೇಕು. ನಿವೃತ್ತರು ಬಂದರೆ ತೆರಿಗೆ ಬರಬಹುದು, ಮೆದುಗೊಳವೆ ಹಿಡಿದು ಏಣಿ ಹತ್ತುವವರು ಬರುವುದಿಲ್ಲ.

2,00,000ದ ಕನಿಷ್ಠ ಹೂಡಿಕೆ ಅಗ್ಗದ ಒಂದು ಕೋಣೆ ಕೊಂಡು, ಹಣ ಪಡೆದು, ವಾರಾಂತ್ಯಕ್ಕಷ್ಟೇ ಬರುವವರನ್ನು ಹೊರಗಿಡುತ್ತದೆ. ಹತ್ತು ವರ್ಷ ಎಂದರೆ ಶಿಶುವಿಹಾರಕ್ಕೆ ಸೇರಿದ ಮಗು ಹೆಚ್ಚುಕಡಿಮೆ ಕಡ್ಡಾಯ ಶಿಕ್ಷಣ ಮುಗಿಸುವಷ್ಟು ಕಾಲ.

ಖಾಯಂ ವಾಸದ ಷರತ್ತಿನ ಹಿಂದೆ ಇನ್ನೊಂದು ಕಥೆಯಿದೆ. 2012ರ ಮಾರ್ಚ್ 11ರಂದು ಸ್ವಿಸ್ ಮತದಾರರು 50.6 ಶೇಕಡಾ ಮತದಿಂದ ಎರಡನೇ ಮನೆಗಳಿಗೆ ಕಡಿವಾಣ ಹಾಕಿದರು. ಯಾವ ಪಂಚಾಯಿತಿಯಲ್ಲಿ ಎರಡನೇ ಮನೆಗಳು 20 ಶೇಕಡಾ ದಾಟಿವೆಯೋ ಅಲ್ಲಿ ಹೊಸ ರಜಾಮನೆ ಕಟ್ಟುವಂತಿಲ್ಲ. ವಿವರವಾದ ಕಾನೂನು 2016ರ ಜನವರಿ 1ರಿಂದ ಜಾರಿಯಾಯಿತು. ಗಮನಿಸಬೇಕಾದ ಸಂದು ಇದು: ನಿರ್ಬಂಧ ಹೊಸ ಮನೆಗಳಿಗೆ. 2012ರ ಆ ಮತದಾನದ ದಿನಕ್ಕೆ ಮೊದಲೇ ಇದ್ದ, ಅಥವಾ ಪರವಾನಗಿ ಪಡೆದಿದ್ದ ಮನೆಯನ್ನು ರಜಾಮನೆಯಾಗಿ ಮಾರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೊಸದಕ್ಕೆ ತಡೆ ಬಿದ್ದ ಮೇಲೆ ಹಳೆಯದಕ್ಕೆ ಗಿರಾಕಿ ಹೆಚ್ಚುವುದು ಸಹಜ. ಅಜ್ಜಿ ತೀರಿಕೊಂಡ ಮನೆಯನ್ನು ಮೊಮ್ಮಗಳು ಕೊಳ್ಳಬೇಕೆಂದರೆ ಅವಳ ಪೈಪೋಟಿ ಜ್ಯೂರಿಕ್‌ನ ದುಡ್ಡಿನ ಜೊತೆ. ಹೊಸ ಮನೆಯಲ್ಲಿ ಜನ ವಾಸವಿರುವುದನ್ನು ಕಾನೂನೇ ನೋಡಿಕೊಳ್ಳುತ್ತದೆ, ಭೂದಾಖಲೆಯಲ್ಲೇ ಆ ನಮೂದು ಬೀಳುತ್ತದೆ. ಹಳೆಯ ಮನೆಗೆ ಅಂಥ ಬೀಗವಿಲ್ಲ. ಪಂಚಾಯಿತಿಯ 70,000 ಫ್ರಾಂಕ್ ಮತ್ತು ಹತ್ತು ವರ್ಷದ ಕರಾರು ನಿಜವಾಗಿ ಕೆಲಸ ಮಾಡುವುದು ಇಲ್ಲಿ. ಪೇಟೆಯ ಬೆಲೆಗೂ ಊರಿನವರ ಕೈಗೂ ನಡುವಿನ ಅಂತರದ ಒಂದಿಷ್ಟನ್ನು ಅದು ತುಂಬುತ್ತದೆ, ಮನೆಗೆ ಹತ್ತು ವರ್ಷದ ಬೀಗವನ್ನೂ ಹಾಕುತ್ತದೆ.

ಇದರ ಮೇಲೆ 2013ರ ಮಾರ್ಚ್ 3ರ ಮತದಾನ. ಕಟ್ಟಡಕ್ಕೆಂದು ಗುರುತಿಸಿದ ಜಮೀನು ಮುಂದಿನ 15 ವರ್ಷಗಳ ಅಗತ್ಯವನ್ನು ಮೀರಬಾರದು ಎಂಬ ತಿದ್ದುಪಡಿಗೆ ದೇಶದ 62.9 ಶೇಕಡಾ ಜನ ಒಪ್ಪಿದರು, ವಾಲಿಸ್ ಭಾರಿ ಬಹುಮತದಿಂದ ತಿರಸ್ಕರಿಸಿತು. ಕಾರಣವಿತ್ತು. ಅಲ್ಲಿ ಮೊಮ್ಮಕ್ಕಳಿಗಿರಲಿ ಎಂದು ಪ್ರತಿ ಮನೆತನವೂ ಸೈಟು ಇಟ್ಟುಕೊಂಡಿತ್ತು, ಈಗ ಅದು ಮತ್ತೆ ಹುಲ್ಲುಗಾವಲಾಗುವ ಭಯ. ಹೀಗೆ ಹೊಸ ಸೈಟಿಗೆ ಒಂದು ಕಡೆಯಿಂದ ಒತ್ತಡ, ಹಳೆಯ ಮನೆಗೆ ಇನ್ನೊಂದು ಕಡೆಯಿಂದ ಪೈಪೋಟಿ, ನಡುವೆ ಹನ್ನೆರಡು ಸಹಿಯ ಖಾಲಿ ಮನೆಗಳು.

ಜಗತ್ತಿಗೆ ಗೊತ್ತಾದ ಹತ್ತು ದಿನ

ಮತದಾನಕ್ಕೆ ಕೆಲ ದಿನ ಮೊದಲು ಸುದ್ದಿ ಹೊರಬಿತ್ತು. ಸ್ಥಳೀಯ ಪತ್ರಿಕೆಯಲ್ಲಿ ಷರತ್ತುಗಳ ಸಮೇತ ಇದ್ದದ್ದು ಗಡಿ ದಾಟಿದಂತೆ ಒಂದೊಂದೇ ಷರತ್ತನ್ನು ಉದುರಿಸಿಕೊಂಡು, ಕೊನೆಗೆ 'ಈ ಹಳ್ಳಿಗೆ ಹೋದರೆ 70,000 ಫ್ರಾಂಕ್ ಕೊಡುತ್ತಾರೆ' ಎಂದಷ್ಟೇ ಉಳಿಯಿತು. ಭಾರತದ ಸುದ್ದಿತಾಣಗಳೂ ಇದನ್ನು ಹಂಚಿದವು, ರೂಪಾಯಿಗೆ ಪರಿವರ್ತಿಸಿ. ದೇಶವಿದೇಶಗಳಿಂದ ವಿಚಾರಣೆಗಳ ಸುರಿಮಳೆ. 240 ಜನರ ಪಂಚಾಯಿತಿಯ ಕಚೇರಿಯಲ್ಲಿ ಎಷ್ಟು ಜನ ಕೂತಿರಬಹುದು? ಮಾಹಿತಿ ತಪ್ಪು, ವಿದೇಶಗಳಿಂದ ನೇರವಾಗಿ ಯಾರೂ ಅರ್ಜಿ ಹಾಕಲಾಗದು ಎಂದು ಪಂಚಾಯಿತಿ ಪ್ರಕಟಣೆ ಹೊರಡಿಸಬೇಕಾಯಿತು.

ಸ್ವಿಟ್ಜರ್ಲೆಂಡಿನಲ್ಲಿರುವ ಕನ್ನಡಿಗರಿಗೂ ಇಲ್ಲಿ ಒಂದು ಮಾತು ತಾಗುತ್ತದೆ. ಬಾಸೆಲ್, ಜ್ಯೂರಿಕ್‌ಗಳಲ್ಲಿ ಐಟಿ, ಔಷಧ ಕಂಪನಿಗಳಲ್ಲಿರುವ ನಮ್ಮವರಲ್ಲಿ ಹೊಸಬರ ಕೈಯಲ್ಲಿರುವುದು ಹೆಚ್ಚಾಗಿ 'ಬಿ' ಪರ್ಮಿಟ್ ಎಂಬ ನಿಗದಿತ ಅವಧಿಯ ವಾಸದ ಪರವಾನಗಿ. ಭಾರತೀಯ ಪೌರರಿಗೆ 'ಸಿ' ಪರ್ಮಿಟ್ ಸಿಗಲು ಸಾಮಾನ್ಯವಾಗಿ ಹತ್ತು ವರ್ಷ ಬೇಕು. ಭಾಷೆ ಕಲಿತು ಚೆನ್ನಾಗಿ ಹೊಂದಿಕೊಂಡವರಿಗೆ ಐದು ವರ್ಷಕ್ಕೆ ಸಿಗುವ ಅವಕಾಶವೂ ಉಂಟು. 'ಬಿ' ಪರ್ಮಿಟ್ ಇರುವ ಭಾರತೀಯರು ತಾವೇ ವಾಸಿಸುವ ಮನೆಯನ್ನು ಕೊಳ್ಳಬಹುದು, ಆದರೆ ಈ ಸಹಾಯಧನ ಅವರಿಗೆ ಇಲ್ಲ. ಬೆಂಗಳೂರಿನಲ್ಲಿ ಕೂತವರಿಗಂತೂ ಇಲ್ಲವೇ ಇಲ್ಲ.

ಇದು ಎಡವಿದ ಜಾಗ, ತಪ್ಪಿಸಬಹುದಾಗಿದ್ದ ಎಡವು ಕೂಡ. ಹಣದ ಮೊತ್ತ ಮೊದಲ ಸಾಲಿನಲ್ಲೂ ಅರ್ಹತೆ ಐದನೇ ಸಾಲಿನಲ್ಲೂ ಇರುವ ಯಾವ ಪ್ರಕಟಣೆಗೂ ಇದೇ ಗತಿ. ಇಂಥ ಯೋಜನೆ ಮಾಡುವವರು ಅರ್ಹತೆಯನ್ನು ಮೊದಲ ವಾಕ್ಯದಲ್ಲೇ ಇಟ್ಟು, ಸಿದ್ಧ ಉತ್ತರಗಳ ಒಂದು ಪುಟವನ್ನು ಮೂರು ನಾಲ್ಕು ಭಾಷೆಗಳಲ್ಲಿ ಮತದಾನಕ್ಕೆ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಒಂದು ದಿನದ ಕೆಲಸ, ಹಲವು ವಾರಗಳ ಉಸಿರು ಉಳಿಯುತ್ತದೆ.

70,000 ಫ್ರಾಂಕ್ ಎಷ್ಟು ದೂರ ಬರುತ್ತದೆ

ಐದು ಲಕ್ಷ ಫ್ರಾಂಕಿನ ಮನೆ ಎಂದಿಟ್ಟುಕೊಳ್ಳಿ. ಸ್ವಿಸ್ ಬ್ಯಾಂಕು ಕನಿಷ್ಠ 20 ಶೇಕಡಾ ಸ್ವಂತ ಹಣ ಕೇಳುತ್ತದೆ, ಅಂದರೆ 1,00,000. ಅದರ ಅರ್ಧವಾದರೂ ಪಿಂಚಣಿ ನಿಧಿಯಿಂದ ತೆಗೆದದ್ದಾಗಿರಬಾರದು. ಈ ಮೆಟ್ಟಿಲಿಗೆ 70,000 ದೊಡ್ಡ ಆಸರೆ. ಸಹಾಯಧನವನ್ನು ಬ್ಯಾಂಕು ಸ್ವಂತ ಹಣವೆಂದು ಒಪ್ಪುತ್ತದೆಯೇ ಎಂಬುದು ಮಾತ್ರ ಮೊದಲೇ ಕೇಳಬೇಕಾದ ಪ್ರಶ್ನೆ. ಅವಧಿಗೆ ಮೊದಲು ಹೋದರೆ ವಾಪಸ್ ಕೊಡಬೇಕಾದ ಹಣ ಸಾಲದ ಹಾಗೆಯೂ ಕಾಣುತ್ತದಲ್ಲ.

ಎರಡನೇ ಮೆಟ್ಟಿಲು ಕಠಿಣ. ಉಳಿದ 4,00,000 ಸಾಲಕ್ಕೆ ಇವತ್ತಿನ ಬಡ್ಡಿ ಎಷ್ಟೇ ಕಡಿಮೆ ಇರಲಿ, ಬ್ಯಾಂಕು ಸಾಮಾನ್ಯವಾಗಿ 5 ಶೇಕಡಾ ಹಿಡಿದೇ ಲೆಕ್ಕ ಹಾಕುತ್ತದೆ: ವರ್ಷಕ್ಕೆ 20,000. ಮನೆಯ ನಿರ್ವಹಣೆಗೆ ಬೆಲೆಯ 1 ಶೇಕಡಾ: 5,000. ಸಾಲವನ್ನು 15 ವರ್ಷದಲ್ಲಿ ಬೆಲೆಯ ಮೂರನೇ ಎರಡಕ್ಕೆ ಇಳಿಸಬೇಕು: ವರ್ಷಕ್ಕೆ ಸುಮಾರು 4,400. ಒಟ್ಟು 29,400. ಇದು ಕುಟುಂಬದ ಒಟ್ಟು ಆದಾಯದ ಮೂರನೇ ಒಂದನ್ನು ದಾಟಬಾರದು, ಅಂದರೆ ವರ್ಷಕ್ಕೆ ಸುಮಾರು 88,000 ಫ್ರಾಂಕ್ ಆದಾಯ ಬೇಕು. ಸಹಾಯಧನವಿಡೀ ಸ್ವಂತ ಹಣದ ಭಾಗವಾಗಿ ಹೋದರೆ ಈ ಅಂಕಿ ಒಂದಿಷ್ಟೂ ಕದಲುವುದಿಲ್ಲ. ಬೆಟ್ಟದೂರಿನ ದಂಪತಿಗೆ ಅಷ್ಟು ಆದಾಯವೆಂದರೆ ಬಹಳ ಮಟ್ಟಿಗೆ ಇಬ್ಬರೂ ದುಡಿಯಬೇಕು, ಇಬ್ಬರೂ ದುಡಿದರೆ ಮಗುವನ್ನು ನೋಡಿಕೊಳ್ಳುವ ಜಾಗ ಬೇಕು, ಹೆಚ್ಚಾಗಿ ಎರಡನೇ ಕಾರೂ ಬೇಕು. 70,000ವನ್ನು ಹತ್ತು ವರ್ಷಕ್ಕೆ ಹರಡಿದರೆ ತಿಂಗಳಿಗೆ 583 ಫ್ರಾಂಕ್. ಕಾರಿನ ಖರ್ಚೇ ಅದನ್ನು ನುಂಗಬಲ್ಲದು.

ಆದ್ದರಿಂದ ಈ ದುಡ್ಡು ಜ್ಯೂರಿಕ್‌ನ ಕುಟುಂಬವನ್ನು ವಾಲಿಸಿಗೆ ಎಳೆಯುವಷ್ಟು ಬಲವುಳ್ಳದ್ದಲ್ಲ. ಆಗಲೇ ಕಣಿವೆಯಲ್ಲಿ ಕೆಲಸವಿದ್ದು, ಮಗುವನ್ನು ನೋಡಿಕೊಳ್ಳಲು ಊರಲ್ಲೇ ಅಜ್ಜಿಯಿದ್ದು, ಬ್ಯಾಂಕಿನ ಮುಂದೆ ಕೊನೆಯ 50,000ಕ್ಕೆ ತಡಕಾಡುತ್ತಿರುವವರಿಗೆ ಅದು ಸರಿಯಾದ ಅಳತೆಯ ಕೀಲಿ.

ಪಂಚಾಯಿತಿಯ ಕಡೆಯಿಂದ ನೋಡಿದರೂ ಹಣ ನೇರವಾಗಿ ಮರಳುವ ಲೆಕ್ಕ ಸಿಗುವುದಿಲ್ಲ. ಒಂದು ಕುಟುಂಬ ವರ್ಷಕ್ಕೆ 3,500 ಫ್ರಾಂಕ್ ಪಂಚಾಯಿತಿ ತೆರಿಗೆ ಕಟ್ಟಿತು ಎಂದುಕೊಂಡರೆ 70,000 ಮರಳಲು ಇಪ್ಪತ್ತು ವರ್ಷ. ಜೊತೆಗೆ ಊರಿನ ತೆರಿಗೆ ಶಕ್ತಿ ಹೆಚ್ಚಿದರೆ ಬಡ ಊರುಗಳಿಗೆ ಬರುವ ಸಮೀಕರಣ ನಿಧಿ ಕಡಿಮೆಯಾಗುತ್ತದೆ. ಸಮರ್ಥನೆ ಬೇರೆ ಕಡೆ ಇದೆ: ನೀರು, ಚರಂಡಿ, ಹಿಮ ತೆಗೆಯುವ ಖರ್ಚು ಜನ ಕಡಿಮೆಯಾದರೂ ಇಳಿಯುವುದಿಲ್ಲ. ಹಂಚಿಕೊಳ್ಳುವ ತಲೆಗಳು ಬೇಕು.

ಕೃಷಿ ಊರನ್ನು ತುಂಬದು, ಆದರೆ ಹಿಡಿದಿಟ್ಟಿದೆ

ಬೆಟ್ಟದ ಕೃಷಿ ನಿಂತಿರುವುದು ಒಕ್ಕೂಟದ ನೇರ ಪಾವತಿಗಳ ಮೇಲೆ. ದನದ ತಲೆಗಿಷ್ಟು ಎಂದು ಕೊಡುವುದನ್ನು 2014ರ ಸುಧಾರಣೆಯಲ್ಲಿ ಕೈಬಿಟ್ಟು, ನೆಲ ಮತ್ತು ಇಳಿಜಾರಿನ ಲೆಕ್ಕಕ್ಕೆ ತಿರುಗಿಸಿದರು. 18ರಿಂದ 35 ಶೇಕಡಾ ಇಳಿಜಾರಿಗೆ ಹೆಕ್ಟೇರಿಗೆ 410 ಫ್ರಾಂಕ್, 35ರಿಂದ 50ಕ್ಕೆ 700, ಅದಕ್ಕೂ ಕಡಿದಾದರೆ 1,000. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಕಳಿಸಿದ ದನಕ್ಕೆ ಬೇರೆ ಲೆಕ್ಕ: ಒಂದು ಪೂರ್ಣ ದನ 100 ದಿನ ಮೇಯ್ದರೆ ಒಂದು ಘಟಕ, ಅದಕ್ಕೆ 400 ಫ್ರಾಂಕ್. ಹತ್ತು ಹೆಕ್ಟೇರ್ ಕಡಿದಾದ ಹುಲ್ಲಿದ್ದವರಿಗೆ ಇಳಿಜಾರಿನ ಬಾಬ್ತು ಒಂದೇ 7,000ದಿಂದ 10,000. ಸಂಸಾರಕ್ಕೆ ಸಾಲದು, ಕೈಬಿಡಲು ಮನಸ್ಸೂ ಬಾರದು. ಹೀಗಾಗಿ ಸಂಜೆಯ ರೈತರು ಇಂದಿಗೂ ಇದ್ದಾರೆ.

ಕೊಯ್ಲು ನಿಂತರೆ ಏನಾಗುತ್ತದೆ ಎಂಬುದು ಇಳಿಜಾರಿನಲ್ಲಿ ಬೇಗ ಕಾಣುತ್ತದೆ. ಮೊದಲು ಪೊದೆ ಬರುತ್ತದೆ, ಆಮೇಲೆ ಕಾಡು. ಕೊಯ್ಯದ ಉದ್ದ ಹುಲ್ಲು ಚಳಿಗಾಲದಲ್ಲಿ ಮಲಗಿ ಹಿಮ ಜಾರಲು ಹಾಸಾಗುತ್ತದೆ. ಮೆಟ್ಟಿಲು ಹೊಲಗಳ ಒಣಕಲ್ಲಿನ ಗೋಡೆ ಒಮ್ಮೆ ಕುಸಿದರೆ ಕಟ್ಟುವವರಿಲ್ಲ. ಕುರಿ ಸಾಕುವವರಿಗೆ ಇನ್ನೊಂದು ತಲೆನೋವು ತೋಳ. 1995ರಲ್ಲಿ ವಾಲಿಸಿನ ಮೂಲಕವೇ ದೇಶಕ್ಕೆ ಮರಳಿತು. ಅದರ ಬಗ್ಗೆ ನಗರಕ್ಕೂ ಬೆಟ್ಟಕ್ಕೂ ನಡುವೆ ಮತದಾನವೂ ನಡೆದಿದೆ, ಜಗಳವಂತೂ ನಿಂತಿಲ್ಲ. ಅದು ಬೇರೆಯೇ ಪ್ರಕರಣಕ್ಕೆ ವಸ್ತು.

ಕೆಲಸ ಇರುವುದು ಕೆಳಗೆ. 2007ರಲ್ಲಿ 34.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ತಳಸುರಂಗ ತೆರೆದ ಮೇಲೆ ಫಿಸ್ಪ್‌ನಿಂದ ರಾಜಧಾನಿ ಬರ್ನ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಲೋನ್ಜಾದ ಫಿಸ್ಪ್ ಘಟಕ ಜೈವಿಕ ಔಷಧಗಳ ಕಡೆಗೆ ಹೊರಳಿ ದೊಡ್ಡದಾಗಿ ವಿಸ್ತರಿಸಿತು, ಕೋವಿಡ್ ಕಾಲದಲ್ಲಿ ಮೊಡೆರ್ನಾ ಲಸಿಕೆಯ ಮೂಲವಸ್ತು ಅಲ್ಲೇ ತಯಾರಾಯಿತು. ಬೆಟ್ಟದೂರುಗಳ ನಿಜವಾದ ಅದೃಷ್ಟ ಇದು: ಬಸ್ಸಿಳಿದು ರೈಲು ಹತ್ತಿದರೆ ಸಿಗುವ ಸಂಬಳ. ಆದರೆ ಅದೇ ಸಂಬಳದವರಿಗೆ ಕಣಿವೆಯಲ್ಲೇ ಹೊಸ ಫ್ಲ್ಯಾಟುಗಳು ಎದ್ದವು, ಕೆಳಗೆ ಶಾಲೆ, ಶಿಶುಪಾಲನೆ, ಅಂಗಡಿ ಎಲ್ಲ ಕಾಲ್ನಡಿಗೆಯಲ್ಲಿ.

ಆಮೇಲೆ

ಷರತ್ತುಗಳ ಜರಡಿಯಲ್ಲಿ ಜಗತ್ತಿನ ಕೂಗೆಲ್ಲ ಸೋರಿಹೋಯಿತು. ಮುಂದಿನ ವರ್ಷಗಳಲ್ಲಿ ಮಂಜೂರಾದ ಅರ್ಜಿಗಳು ಕೆಲವೇ. ಅವುಗಳಲ್ಲಿ ಎದ್ದು ಕಂಡವರು ಊರಿನ ಅಥವಾ ಆ ಸೀಮೆಯ ನಂಟಿದ್ದ ಯುವಜನ. 'ಹೇಗೂ ಉಳಿಯುತ್ತಿದ್ದವರಿಗೇ ದುಡ್ಡು ಕೊಟ್ಟಂತಾಯಿತಲ್ಲ' ಎಂಬ ಟೀಕೆಗೆ ಇಲ್ಲಿ ಜಾಗವಿದೆ. ಆದರೆ ಇಂಥ ಊರುಗಳಲ್ಲಿ ಹೇಗೂ ಉಳಿಯುತ್ತಿದ್ದವರು ಎಂಬ ವರ್ಗವೇ ಇಲ್ಲ. ಶಾಲೆ ಮುಚ್ಚಿದಾಗ ಹೋದವರೂ ಊರಿನವರೇ. ಹೊರಗಿನಿಂದ ಒಂದು ಕುಟುಂಬ ತರುವುದಕ್ಕಿಂತ ಒಳಗಿನ ಒಂದು ಕುಟುಂಬ ಹೋಗದಂತೆ ನೋಡಿಕೊಳ್ಳುವುದು ಅಗ್ಗ, ಹೆಚ್ಚು ಬಾಳಿಕೆಯದ್ದು ಕೂಡ. ಅವರಿಗೆ ಆಡುಮಾತು ಬರುತ್ತದೆ. ವಾಲಿಸಿನ ಜರ್ಮನ್ ಬರ್ನ್‌ನವರಿಗೇ ಅರ್ಥವಾಗದು ಎಂಬ ಹಾಸ್ಯ ಆ ದೇಶದಲ್ಲಿ ಹಳೆಯದು. ಕಾಲುವೆಯ ಪಾಳಿ ಯಾವಾಗ ಎಂದೂ ಅವರಿಗೆ ಗೊತ್ತು.

ಯೋಜನೆಯ ದೊಡ್ಡ ಕೊರತೆ ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಸ್ವಂತ ಮನೆಯಲ್ಲಿರುವ ಕುಟುಂಬಗಳು ಸುಮಾರು 36 ಶೇಕಡಾ ಮಾತ್ರ, ಉಳಿದವರು ಬಾಡಿಗೆಯವರು. ಹೊಸಬರು ಒಂದು ಊರಿಗೆ ಬರುವ ಸಹಜ ದಾರಿಯೆಂದರೆ ಎರಡು ವರ್ಷ ಬಾಡಿಗೆಗಿದ್ದು, ಒಂದು ಚಳಿಗಾಲ ಹಿಮ ತೋಡಿ ನೋಡಿ, ಆಮೇಲೆ ಕೊಳ್ಳುವುದು. ಈ ಯೋಜನೆ ಮೊದಲ ಮೆಟ್ಟಿಲಿಲ್ಲದೆ ಎರಡನೆಯದಕ್ಕೆ ಹಾರಲು ಹೇಳಿತು: ಮೊದಲೇ ಎರಡು ಲಕ್ಷ ಹೂಡಿ, ಹತ್ತು ವರ್ಷಕ್ಕೆ ಸಹಿ ಹಾಕಿ. ಪಂಚಾಯಿತಿಯೋ ಬುರ್ಗರ್‌ಗೆಮೈಂಡೆಯೋ ಒಂದು ಹಳೆಯ ಕಟ್ಟಡವನ್ನು ತಾನೇ ಕೊಂಡು ನಾಲ್ಕು ಬಾಡಿಗೆ ಮನೆ ಮಾಡಿದ್ದರೆ ಇದೇ ಹಣ ಇನ್ನೂ ಮುಂದೆ ಹೋಗುತ್ತಿತ್ತು ಎಂಬುದು ಈ ಪ್ರಕರಣ ಓದಿದ ಮೇಲೆ ನಮ್ಮ ಅಭಿಪ್ರಾಯ. ಹನ್ನೆರಡು ಸಹಿಯ ತೊಡಕನ್ನು ಬಿಡಿಸುವ ತಾಳ್ಮೆಯೂ ಸಂಬಂಧಗಳೂ ಇರುವುದು ಒಂಟಿ ಖರೀದಿದಾರನಿಗಿಂತ ಊರಿನ ಸಂಸ್ಥೆಗೆ. ವಾರಸುದಾರರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಪತ್ರ ಬರೆದು, ಅಳತೆ ಮತ್ತು ನೋಟರಿ ಖರ್ಚನ್ನು ಪಂಚಾಯಿತಿಯೇ ಹೊತ್ತರೆ, ಅಡ್ಡ ನಿಂತವರಲ್ಲಿ ಕೆಲವರಾದರೂ ಬೆಲೆಯ ಜಗಳದಿಂದಲ್ಲ, ಬರೀ ಯಾರೂ ಕೇಳಲಿಲ್ಲವೆಂದು ನಿಂತಿರುವುದು ಗೊತ್ತಾದೀತು.

2018ರಿಂದ ಕರಾರಿಗೆ ಸಹಿ ಹಾಕಿದವರ ಹತ್ತು ವರ್ಷ 2028ರಿಂದ ಒಂದೊಂದಾಗಿ ಮುಗಿಯತೊಡಗುತ್ತದೆ. 2018ರಲ್ಲಿ ನಾಲ್ಕು ವರ್ಷದವಳಾಗಿ ಬಂದ ಮಗು ಆಗ ಹದಿನಾಲ್ಕಾಗಿರುತ್ತದೆ, ಕಡ್ಡಾಯ ಶಾಲೆಯ ಕೊನೆಯ ಹಂತದಲ್ಲಿ. ಸ್ವಿಸ್ ಮಕ್ಕಳಲ್ಲಿ ಹೆಚ್ಚಿನವರಂತೆ ಅವಳೂ ಕಸುಬಿನ ತರಬೇತಿಗೆ ಜಾಗ ಹುಡುಕುವ ವಯಸ್ಸು, ಆ ಜಾಗ ಸಿಗುವುದು ಕಣಿವೆಯಲ್ಲಿ. ಹಣ ವಾಪಸ್ ಕೊಡದೆ ಮನೆ ಮಾರುವ ಸ್ವಾತಂತ್ರ್ಯ ಅಪ್ಪ ಅಮ್ಮನಿಗೆ ಬರುವುದೂ ಅದೇ ವರ್ಷ, ಮತ್ತು ಅದು 2012ಕ್ಕೆ ಮೊದಲಿನ ಮನೆಯಾಗಿದ್ದರೆ ಕೊಳ್ಳುವವರು ಅದನ್ನು ರಜಾಮನೆಯಾಗಿಯೂ ಕೊಳ್ಳಬಹುದು.